ದೌಲತ್‌ನ ಥರ್ಡ್ ಪಾರ್ಟಿ

ಬೀದರಿನ ಮೈಲೂರಿನಲ್ಲಿ ಶಿವರಾಜಪ್ಪನವರಿಗೆ ಗೊತ್ತಿಲ್ಲದ ವಿಷಯವೊಂದನ್ನು ಹುಡುಕಿ ತೆಗೆಯುವುದು ಸುಲಭವಾಗಿತ್ತು. ಗೊತ್ತಿಲ್ಲ ಎಂದು ಅವರ ಬಾಯಿಂದ ಹೇಳಿಸುವುದು ಮಾತ್ರ ಯಾರಿಂದಲೂ ಆಗಿರಲಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವರು. ಬಸ್ಸಿನಲ್ಲಿ ಯಾರು ಏನು ಕೇಳಿದರೂ ಒಂದು ಉತ್ತರ ಕೊಟ್ಟು ಮುಂದಿನ ಸೀಟಿಗೆ ಹೋಗಬೇಕು. ಉತ್ತರ ತಪ್ಪೆಂದು ತಿಳಿಯುವಷ್ಟರಲ್ಲಿ ಕೇಳಿದವನು ತನ್ನ ಊರಿನಲ್ಲಿ ಇಳಿದಿರುತ್ತಾನೆ. ನಿವೃತ್ತರಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ತೊಂದರೆ ಏನೆಂದರೆ, ಓಣಿಯ ಜನ ಯಾವ ಸ್ಟಾಪಿನಲ್ಲೂ ಇಳಿಯುತ್ತಿರಲಿಲ್ಲ.

ಎರಡು ವರ್ಷ ಮಳೆ ಕೈಕೊಟ್ಟು, ೨೦೧೬ರ ಜನವರಿಯ ಹೊತ್ತಿಗೆ ಔರಾದ ತಾಲೂಕಿನ ಬಾವಿಗಳ ತಳ ಕಂಡಿತ್ತು. ಹೈದರಾಬಾದ್, ಪುಣೆಯ ಬಸ್ಸುಗಳ ಮೇಲೆ ಜನರ ಹಾಸಿಗೆ, ಕೊಡ, ಸ್ಟೋವು ಎಲ್ಲ ಏರುತ್ತಿದ್ದವು. ಅಂಥ ಒಂದು ಬೆಳಿಗ್ಗೆ ಡಾಬಕಾದಿಂದ ಕಾಶೀರಾಮನ ಫೋನು ಬಂತು.

"ಕಂಡಕ್ಟರ್ ಸಾಬ್ರೆ, ಜೈಭೀಮ್‌ರಿ. ನಾವು ಗಂಡಾ ಹೆಂಡ್ತಿ ಹೈದ್ರಾಬಾದಕ್ಕ ಹೊಂಟೀವ್ರಿ, ಬಿಲ್ಡಿಂಗ್ ಕೆಲಸಕ್ಕ. ಮಳಿ ಬರೋತನಾ ನಮ್ಮ ದೌಲತ್‌ನ ನಿಮ್ಮ ಮನ್ಯಾಗ ಇಟ್ಕೋತೀರೇನ್ರಿ? ನಂಬಿ ಬಿಡೋವಂಥವರು ಬ್ಯಾರೆ ಯಾರೂ ಇಲ್ರಿ."

"ಶರಣ್ರಿ ಕಾಶೀರಾಮ. ಇದೇನು ಕೇಳೋ ಮಾತಾತೇನು? ತಗೊಂಡು ಬರ್ರಿ" ಎಂದರು ಶಿವರಾಜಪ್ಪ.

ಇಲ್ಲವೆನ್ನುವಂತೆಯೇ ಇರಲಿಲ್ಲ. ಡಾಬಕಾದಲ್ಲಿ ರಾತ್ರಿ ತಂಗುವ ಬಸ್ಸಿಗೆ ಅವರು ಹನ್ನೊಂದು ವರ್ಷ ಕಂಡಕ್ಟರಾಗಿದ್ದರು. ಆ ಹನ್ನೊಂದು ವರ್ಷವೂ ಅವರ ಊಟ ಕಾಶೀರಾಮನ ಮನೆಯಲ್ಲಿ, ನಿದ್ರೆ ಅವನ ಪಡಸಾಲೆಯಲ್ಲಿ. ಅನುಸೂಯಾಬಾಯಿ ಬಡಿದ ಜೋಳದ ರೊಟ್ಟಿ ತಿಂದೇ ತಾವು ಪಿಂಚಣಿಯವರೆಗೆ ಬದುಕಿ ಬಂದದ್ದು ಎಂದು ಶಿವರಾಜಪ್ಪ ಹೆಂಡತಿಯ ಎದುರಿಗೂ ಹೇಳುತ್ತಿದ್ದರು. ಹೆಂಡತಿಯ ಎದುರಿಗೆ ಇನ್ನೊಬ್ಬರ ರೊಟ್ಟಿ ಹೊಗಳುವವನ ಕೃತಜ್ಞತೆಯನ್ನು ಸಂಶಯಿಸುವಂತಿಲ್ಲ.

ಅವರ ಹೆಂಡತಿ ಸುಮಿತ್ರಾಬಾಯಿಗೆ ಮಾತ್ರ 'ದೌಲತ್', ಅಂದರೆ ಸಂಪತ್ತು, ಎಂಬ ಶಬ್ದವಷ್ಟೇ ಕಿವಿಗೆ ಬಿದ್ದಿತ್ತು. ಇನ್ನೊಬ್ಬರ ಬಂಗಾರ ಮನೆಗೆ ಬರುತ್ತದೆಂದು ಆಕೆ ಅಲ್ಮಾರಿಯ ಒಂದು ಖಾನೆ ಖಾಲಿ ಮಾಡಿ, ಹೊಸ ಬೀಗ ತರಿಸಿ ಇಟ್ಟಳು. ಮರುದಿನ ಮಧ್ಯಾಹ್ನ ಕಾಶೀರಾಮ, ಅನುಸೂಯಾಬಾಯಿ ಬಾಗಿಲಿಗೆ ಬಂದಾಗ ಅವರ ನಡುವೆ ಕಂದು ಬಣ್ಣದ, ಒಂದು ಕಿವಿ ಮಡಚಿದ ನಾಯಿಯೊಂದು ನಿಂತಿತ್ತು.

"ದೌಲತ್ ಎಲ್ಲ್ಯದ್ರಿ?" ಎಂದು ಸುಮಿತ್ರಾಬಾಯಿ ಕೇಳಿದಳು.

ನಾಯಿ ಬಾಲ ಅಲ್ಲಾಡಿಸಿತು.

ಬಿಟ್ಟು ಹೋಗುವಾಗ ಅನುಸೂಯಾಬಾಯಿ ನಾಯಿಯ ಮುಖ ನೋಡಲಿಲ್ಲ. ಕಾಶೀರಾಮ ಮೂರು ಸಲ ಗೇಟಿನವರೆಗೆ ಹೋಗಿ ಮೂರು ಸಲ ತಿರುಗಿ ಬಂದ. ಅವನಿಗೆ ಧೈರ್ಯ ಹೇಳಬೇಕಾಗಿತ್ತು. ಹಿಂದಿನ ದಿನ ಭಜಿ ಕಟ್ಟಿಕೊಟ್ಟ ಪೇಪರಿನ ತುಂಡಿನಲ್ಲಿ ನಾಯಿಗೂ ವಿಮೆ ಇರುತ್ತದೆಂದು ಶಿವರಾಜಪ್ಪ ಅರ್ಧ ಓದಿದ್ದರು. ಉಳಿದರ್ಧ ಎಣ್ಣೆಯಲ್ಲಿ ಅಳಿಸಿಹೋಗಿತ್ತು.

"ನೀವು ಚಿಂತಿ ಮಾಡಬ್ಯಾಡ್ರಿ ಕಾಶೀರಾಮ. ನಾಳೆನೇ ಇದಕ್ಕ ಇನ್ಶೂರೆನ್ಸ್ ಮಾಡಿಸ್ತೇನಿ. ನನಗ ಎಲ್ಲಾ ಗೊತ್ತದ."

ಮರುದಿನ ಅವರು ಭಾಲ್ಕಿಗೆ ಹೋದರು. ಅಲ್ಲಿ ಬದ್ರೋದ್ದೀನ ಎಂಬ ವಿಮಾ ಏಜೆಂಟನಿದ್ದ, ಅವರ ಹಳೆಯ ಡ್ರೈವರನ ಅಳಿಯ. ಸ್ವಭಾವತಃ ಪ್ರಾಮಾಣಿಕ, ಏಜೆಂಟನಿಗೆ ಇರಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ. ಅವನು ಚಹಾ ತರಿಸಿ ಸಮಾಧಾನವಾಗಿ ಶುರುಮಾಡಿದ.

"ನೋಡ್ರಿ ಚಾಚಾ, ನಾಯಿ ಪಾಲಿಸಿ ಒಂದೇ ನಮೂನಿ ಇರಂಗಿಲ್ಲ. ಒಂದು ಬರೇ ಅಪಘಾತದ್ದು. ಗಾಡಿ ಬಡೀತು, ಕಾಲ್ ಮುರೀತು, ಅಂಥಾದ್ದಕ್ಕಷ್ಟೇ. ಇನ್ನೊಂದರಾಗ ಬ್ಯಾನಿದೂ ಖರ್ಚು ಬರ್ತದ, ಆದ್ರ ವರ್ಷಕ್ಕ ಇಷ್ಟೇ ಅಂತ ಮಿತಿ. ನಾಯಿ ಇರೋತನಾ ಮುಂದುವರಿಸಿಕೋತ ಹೋಗೋದೂ ಒಂದದ, ಅದು ತುಟ್ಟಿ ಆಗ್ತದ. ಮೊದಲಿನಿಂದ ಇದ್ದ ಬ್ಯಾನಿಗೆ ಯಾವುದರಾಗೂ ಸಿಗಂಗಿಲ್ಲ. ಕಳುವಾದ್ರ, ಸತ್ರ, ಅದು ಬ್ಯಾರೆ. ಮತ್ತ ಕಡೀಕ ಥರ್ಡ್ ಪಾರ್ಟಿ..."

ಅಲ್ಲಿಯವರೆಗೆ ಕಿಟಕಿಯ ಪಕ್ಕ ಕುಳಿತು ತೂಕಡಿಸುವ ಪ್ರಯಾಣಿಕನಂತಿದ್ದ ಶಿವರಾಜಪ್ಪ, ತಮ್ಮ ಊರಿನ ಹೆಸರು ಕೇಳಿದಂತೆ ಎಚ್ಚರಾದರು. ಥರ್ಡ್ ಪಾರ್ಟಿ! ಬಸ್ಸು ಯಾರಿಗಾದರೂ ಬಡಿದರೆ, ಪೆಟ್ಟು ತಿಂದವನಿಗೆ ಹಣ. ಮೂವತ್ತೊಂದು ವರ್ಷ ಡಿಪೋದಲ್ಲಿ ಕೇಳಿದ ಮಾತು.

"ಅದೇ ಕೊಡು!"

"ಚಾಚಾ, ಬರೇ ಅದೊಂದೇ ತಗೊಂಡ್ರ ದೌಲತ್‌ಗ ಏನರೆ ಆದ್ರ ಒಂದು ಪೈಸಾನೂ ಬರಂಗಿಲ್ರಿ. ಅದು ಹೊರಗಿನವರ ಸಲುವಾಗಿ. ತಿಳೀತೇನ್ರಿ?"

"ತಿಳೀದೇ ಏನೋ? ನೀ ಹುಟ್ಟೋಕಿಂತ ಮೊದಲಿಂದ ನನಗ ಥರ್ಡ್ ಪಾರ್ಟಿ ಗೊತ್ತದ."

"ಫಾರಂದಾಗ ಮಾಲೀಕರ ಹೆಸರು?"

ಗೊತ್ತಿದ್ದವರ ನಾಯಿ ಎಂದರೆ ಮತ್ತೆ ಹತ್ತು ಪ್ರಶ್ನೆ ಬರುತ್ತವೆಂದು ಶಿವರಾಜಪ್ಪ ತಮ್ಮ ಹೆಸರನ್ನೇ ಬರೆಸಿ, ಡಾಕ್ಟರ ಸರ್ಟಿಫಿಕೇಟು, ಫೋಟೋ ಎಲ್ಲ ಒದಗಿಸಿ ಪಾಲಿಸಿ ಮಾಡಿಸಿಕೊಂಡರು.

ಅವರು ಅದನ್ನು ಅಲ್ಮಾರಿಯ ಖಾಲಿ ಖಾನೆಯಲ್ಲಿಟ್ಟು ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವರು ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹಾವಗೆಪ್ಪನ ಚಹಾದ ಹೋಟೆಲಿಗೆ ಹೋದರು.

ನೀರಿಲ್ಲದೆ ಹೋಟೆಲು ದಿನಕ್ಕೆ ಎರಡೇ ತಾಸು ತೆರೆಯುತ್ತಿದ್ದ ಕಾಲ. ಇದ್ದ ನಾಲ್ಕು ಜನರ ಎದುರಿಗೆ ಶಿವರಾಜಪ್ಪ ಕಾಗದ ಬಿಚ್ಚಿ ವಿವರಿಸಿದರು. "ನಮ್ಮ ದೌಲತ್ ಯಾರಿಗರೆ ಕಡೀತಂದ್ರ, ಕಡಿಸಿಕೊಂಡವರಿಗೆ ಕಂಪನಿ ಹಣಾ ಕೊಡ್ತದ. ನನ್ನ ಕಿಸೆದಿಂದ ಒಂದು ಪೈಸಾ ಹೋಗಂಗಿಲ್ಲ."

ಹಾವಗೆಪ್ಪ ಚಹಾ ಸೋಸುವುದನ್ನು ನಿಲ್ಲಿಸಿದ. "ಎಷ್ಟು ಕೊಡ್ತಾರ್ರಿ?"

ಶಿವರಾಜಪ್ಪನವರಿಗೆ ಗೊತ್ತಿರಲಿಲ್ಲ. ಆದ್ದರಿಂದ ಒಂದು ಕ್ಷಣವೂ ತಡಮಾಡದೆ, "ಐವತ್ತು ಸಾವಿರ" ಎಂದರು.

ಮರುದಿನ ಬೆಳಿಗ್ಗೆ ಅವರ ಮನೆಯ ಗೇಟಿನಲ್ಲಿ ಹಾವಗೆಪ್ಪ ನಿಂತಿದ್ದ. ಹಳೆಯ ಪೈಜಾಮ ಹಾಕಿಕೊಂಡಿದ್ದ, ಹರಿದರೂ ನಷ್ಟವಿಲ್ಲದಂಥದು. "ಸುಮ್ಮ ಮಾತಾಡ್ಸಿಕೊಂಡು ಹೋಗೋಣಂತ ಬಂದೇನ್ರಿ" ಎನ್ನುತ್ತ ನೇರವಾಗಿ ನಾಯಿಯ ಬಳಿ ಹೋಗಿ ಅದರ ಬಾಲದ ಮೇಲೆ ಕಾಲಿಟ್ಟ. ದೌಲತ್ ಬಾಲ ಎಳೆದುಕೊಂಡು, ಅವನಿಗೆ ಕೂರಲು ಜಾಗ ಬೇಕೇನೋ ಎಂದು ಸರಿದು ಮಲಗಿತು.

ಹಿಂದೆಯೇ ಪಕ್ಕದ ಮನೆಯ ವಜೀರಬೀ ಬಂದಳು. ಅರವತ್ತು ದಾಟಿದ ವಿಧವೆ, ಬಾಯಿ ಜೋರು. ಆಕೆ ಸುತ್ತುಬಳಸಿ ಮಾತಾಡುವವಳಲ್ಲ. ಕಟ್ಟೆಯ ಮೇಲೆ ಕುಳಿತು ಎಡಗಾಲು ಮುಂದೆ ಚಾಚಿದಳು. "ಈ ಕಾಲು ಹೆಂಗೂ ಕೆಲಸಕ್ಕ ಬರಂಗಿಲ್ಲ ಭಾಯಿ. ಇದನ್ನ ಕಡೀಲಿ. ಬಲಗಾಲ್ ನನಗ ಬೇಕಾಗ್ತದ."

ದೌಲತ್ ಆಕೆಯ ಎಡಗಾಲನ್ನು ಮೂಸಿ ನೋಡಿ ನೆಕ್ಕಿತು.

ವಾರದೊಳಗೆ ಸುದ್ದಿ ಔರಾದಕ್ಕೂ ಮುಟ್ಟಿತು. ಸುಮಿತ್ರಾಬಾಯಿಯ ತಂಗಿ ಸಖುಬಾಯಿ ತನ್ನ ಗಂಡ, ಗಂಡನ ಅಣ್ಣ ಇಬ್ಬರನ್ನೂ ಕರೆದುಕೊಂಡು ಬಸ್ಸಿನಲ್ಲಿ ಬಂದಿಳಿದಳು. "ಅಕ್ಕಾ, ಮನಿ ಮಂದಿ ಇರೋತನಾ ಹೊರಗಿನವರಿಗೆ ಯಾಕ ಕಡಿಸ್ತೀ?" ಎಂಬುದು ಆಕೆಯ ತಕರಾರು. ಮೂರು ದಿನ ಇದ್ದರು. ಅಣ್ಣತಮ್ಮಂದಿರಿಬ್ಬರೂ ನಾಯಿಯ ಎದುರಿಗೆ ಕೋಲು ಬೀಸಿದರು, ಅದರ ತಟ್ಟೆ ಕಸಿದುಕೊಂಡರು, ಅದಕ್ಕೇ ಬೊಗಳಿ ತೋರಿಸಿದರು. ದೌಲತ್ ಇಂಥವರನ್ನು ಹಿಂದೆಂದೂ ನೋಡಿರದಂತೆ ಕುತೂಹಲದಿಂದ ನೋಡಿತು. ಮೂರನೆಯ ದಿನ ಸುಮಿತ್ರಾಬಾಯಿಗೇ ಕಚ್ಚಬೇಕೆನ್ನಿಸಿತು. ನೀರಿಲ್ಲದ ಮನೆಯಲ್ಲಿ ಮೂವರು ನೆಂಟರು ಸ್ನಾನ ಕೇಳುತ್ತಿದ್ದರು.

ಕೊನೆಗೆ ಯಾರೋ ಅರ್ಜಿ ಕೊಟ್ಟಿದ್ದರಿಂದ ನಗರಸಭೆಯ ಆರೋಗ್ಯ ನಿರೀಕ್ಷಕರು ಬಂದರು. ಗೇಟಿನಲ್ಲಿ ಏಳೆಂಟು ಜನ ನಿಂತಿದ್ದರು.

"ಇಲ್ಲಿ ಕಡಿಯೋ ನಾಯಿ ಇಟ್ಕೊಂಡೀರಂತ ಕಂಪ್ಲೇಂಟ್ ಬಂದದ. ಯಾರ್‍ಯಾರಿಗೆ ಕಡದದ, ಕೈ ಎತ್ರಿ."

ಯಾರೂ ಎತ್ತಲಿಲ್ಲ.

"ಹೆದರಬ್ಯಾಡ್ರಿ. ಖರೆ ಹೇಳ್ರಿ."

ಹಾವಗೆಪ್ಪ ಕೈಮುಗಿದ. "ಸಾಹೇಬ್ರೆ, ಯಾರಿಗೂ ಕಡದಿಲ್ರಿ. ಅದೇ ನಮ್ಮ ಕಂಪ್ಲೇಂಟ್."

ನಿರೀಕ್ಷಕರು ಅರ್ಜಿಯನ್ನು ಮತ್ತೊಮ್ಮೆ ಓದಿದರು. ಅದರಲ್ಲಿ ಸ್ಪಷ್ಟವಾಗಿ 'ಸದರಿ ನಾಯಿಯು ಕಡಿಯದೆ ಸಾರ್ವಜನಿಕರಿಗೆ ತೊಂದರೆ ಕೊಡುತ್ತಿದ್ದು' ಎಂದೇ ಇತ್ತು. ಅವರ ಸೇವಾವಧಿಯಲ್ಲಿ ಅಂಥ ಅರ್ಜಿ ಬಂದಿರಲಿಲ್ಲ. ಈ ನಡುವೆ ದೌಲತ್ ಅವರ ಬೂಟಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತ್ತು. ಅದು ಏಳುವವರೆಗೆ, ಅಂದರೆ ಕಾಲು ಗಂಟೆ, ಸರ್ಕಾರಿ ತನಿಖೆ ನಿಂತಲ್ಲೇ ನಡೆಯಿತು.

ಏಪ್ರಿಲ್‌ನಲ್ಲಿ ಬಿಸಿಲು ಏರಿತು. ಓಣಿಗೆ ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಅದರ ಡ್ರೈವರ್ ಮಾಣಿಕ ಹಾರ್ನ್ ಹೊಡೆದರೆ ಸಾಕು, ಕೊಡಗಳ ಸಮೇತ ಓಣಿಯೇ ಓಡಿಬರುತ್ತಿತ್ತು. ಒಂದು ದಿನ ಹೀಗೆ ಜನ ಸುತ್ತುಗಟ್ಟಿದಾಗ ಮಾಣಿಕ ಗಾಡಿಯನ್ನು ಹಿಂದಕ್ಕೆ ತೆಗೆದ. ನೆರಳಿಗೆಂದು ಹಿಂದಿನ ಗಾಲಿಯ ಬಳಿ ಮಲಗಿದ್ದ ದೌಲತ್ ಏಳುವುದರೊಳಗೆ ಅದರ ಕಾಲು ಸಿಕ್ಕಿಬಿತ್ತು.

ಆ ಕೂಗು ಕೇಳಿ ಶಿವರಾಜಪ್ಪ ಚಪ್ಪಲಿಯಿಲ್ಲದೆ ಓಡಿದರು. ಬಗ್ಗಿ ನಾಯಿಯನ್ನು ಎತ್ತಿಕೊಂಡರು. ನೋವಿನಲ್ಲಿ ಯಾರು ಏನೆಂದು ತಿಳಿಯದೆ ದೌಲತ್ ಅವರ ಬಲಗೈಯನ್ನು ಕಚ್ಚಿತು. ಚೆನ್ನಾಗಿಯೇ ಕಚ್ಚಿತು.

"ಕಡೀತು!" ಎಂದು ಹಾವಗೆಪ್ಪ ಕೂಗಿದ. "ಕಡೀತ್ರಿ! ಕಡೀತದ!" ಮೂರು ತಿಂಗಳ ನಿರಾಶೆಯೆಲ್ಲ ಕರಗಿದಂಥ ಕೂಗು. ಮರುಕ್ಷಣ ರಕ್ತ ನೋಡಿ ಕೊಡ ಕೆಳಗಿಟ್ಟು ಓಡಿಬಂದ.

ವಜೀರಬೀಯ ಕೊಡ ಆಗಷ್ಟೇ ತುಂಬಿತ್ತು. ಇನ್ನು ನಾಲ್ಕು ದಿನ ಆಕೆಗೆ ಅದೇ ನೀರು. ಆಕೆ ಅದನ್ನು ಎತ್ತಿಕೊಂಡು ಬಂದು ಶಿವರಾಜಪ್ಪನವರ ಕೈಯ ಮೇಲೆ ಸುರಿಯತೊಡಗಿದಳು.

"ಆಪಾ, ನೀರು ಹೋಗ್ತದ, ಸಾಕು ಬಿಡ್ರಿ" ಎಂದರು ಶಿವರಾಜಪ್ಪ.

"ಮುಚ್ಚು ಬಾಯಿ. ನಾಯಿ ಕಚ್ಚಿದ್ದು ತೊಳೀತಾ ಇರಬೇಕು, ಡಾಕ್ಟರ್ ಹೇಳ್ತಾರ. ಹಾವಗೆಪ್ಪಾ, ಸಾಬಣ್ ತಾ!"

ಕೊಡ ಖಾಲಿಯಾಗುವವರೆಗೆ ಆಕೆ ತೊಳೆದಳು. ಹಾವಗೆಪ್ಪ ಆಟೋ ತಂದ. ನಾಯಿ ಪಶು ಆಸ್ಪತ್ರೆಗೆ, ಶಿವರಾಜಪ್ಪ ಸರ್ಕಾರಿ ಆಸ್ಪತ್ರೆಗೆ. ದೌಲತ್‌ಗೆ ಕಾಲಿಗೆ ಪ್ಲಾಸ್ಟರು, ಶಿವರಾಜಪ್ಪನವರಿಗೆ ಇಂಜೆಕ್ಷನ್ನುಗಳ ಸರಣಿ. ಸಂಜೆ ಇಬ್ಬರೂ ಒಂದೇ ಆಟೋದಲ್ಲಿ, ಇಬ್ಬರೂ ಪಟ್ಟಿ ಕಟ್ಟಿಕೊಂಡು ವಾಪಸಾದರು.

ಮರುದಿನ ಭಾಲ್ಕಿಯಿಂದ ಬದ್ರೋದ್ದೀನ ಬಂದ. ಓಣಿಯ ಜನ ಪಡಸಾಲೆಯಲ್ಲಿ ತುಂಬಿದ್ದರು.

"ಬದ್ರೋದ್ದೀನ, ಕಡೀತಲ್ಲಪ್ಪಾ. ಈಗ ನನಗ ಬರಬೇಕಲ್ಲಾ?" ಎಂದರು ಶಿವರಾಜಪ್ಪ.

"ಚಾಚಾ, ನೀವು ಫಸ್ಟ್ ಪಾರ್ಟಿ. ಕಂಪನಿ ಸೆಕೆಂಡ್ ಪಾರ್ಟಿ. ಥರ್ಡ್ ಅಂದ್ರ ಹೊರಗಿನವರು. ಮಾಲೀಕರಿಗೇ ಕಡದ್ರ ಅದು ಥರ್ಡ್ ಪಾರ್ಟಿ ಆಗಂಗಿಲ್ರಿ."

"ಮತ್ತ ಇವರಿಗೆ ಕಡದಿದ್ರ?" ಎಂದು ಹಾವಗೆಪ್ಪನನ್ನು ತೋರಿಸಿದರು.

"ಇವರು ತಾವಾಗೇ ಬಂದು ಬಾಲ ತುಳದು ಕಡಿಸಿಕೊಂಡ್ರ ಅದೂ ಬರಂಗಿಲ್ಲ. ಮಾಲೀಕರ ಮ್ಯಾಲ ಕಾನೂನು ಪ್ರಕಾರ ಜವಾಬ್ದಾರಿ ಬಂದ್ರಷ್ಟೇ ಕಂಪನಿ ಕೊಡ್ತದ."

ಪಡಸಾಲೆಯಲ್ಲಿದ್ದವರ ಮೂರು ತಿಂಗಳ ಶ್ರಮ ನೀರುಪಾಲಾಯಿತು.

"ಹೋಗ್ಲಿ, ನಾಯಿ ಕಾಲಿಗೆ?"

"ಅದಕ್ಕ ಅಪಘಾತದ ಪಾಲಿಸಿ ಬೇಕಾಗಿತ್ರಿ. ನಾ ಮೊದಲಿಗೇ ಅದೇ ಹೇಳಿದ್ದೆ. ನೀವು ಬ್ಯಾಡಂದ್ರಿ."

ಆಗ ಹಾವಗೆಪ್ಪನಿಗೆ ಬುದ್ಧಿ ಓಡಿತು. "ಅಲ್ರಿ, ನಾಯಿ ಖರೆ ಅಂದ್ರ ಕಾಶೀರಾಮಂದಲ್ಲೇನ್ರಿ? ಹಂಗಂದುಬಿಟ್ರ ಶಿವರಾಜಪ್ಪನವರು ಹೊರಗಿನವರಾಗ್ತಾರ. ಪಕ್ಕಾ ಥರ್ಡ್ ಪಾರ್ಟಿ!"

ಬದ್ರೋದ್ದೀನನ ಮುಖ ಬಿಳಿಚಿತು. ಮಾಲೀಕನ ಹೆಸರು ಸುಳ್ಳೆಂದರೆ ಪಾಲಿಸಿಯೇ ಉಳಿಯುವುದಿಲ್ಲವೆಂದು ಅವನು ಹೇಳುವುದರೊಳಗೆ ಎಲ್ಲರೂ ಶಿವರಾಜಪ್ಪನವರ ಕಡೆ ತಿರುಗಿದ್ದರು. ಪ್ಲಾಸ್ಟರು ಕಾಲಿನ ದೌಲತ್ ಅವರ ಮಡಿಲಿಗೆ ಆನಿಕೊಂಡು ಮಲಗಿತ್ತು.

"ಕಾಶೀರಾಮ ಬರೋತನಾ ನಾಯಿ ನಂದೇ" ಎಂದರು ಶಿವರಾಜಪ್ಪ. "ನಾ ಹೊರಗಿನವ ಅಲ್ಲ." ಆಮೇಲೆ, ಮೈಲೂರಿನ ಇತಿಹಾಸದಲ್ಲಿ ಮೊದಲ ಸಲ, "ಬದ್ರೋದ್ದೀನ, ಅವತ್ತು ನೀ ಹೇಳಿದ್ದು ನನಗ ತಿಳೀಲಿಲ್ಲಪ್ಪಾ. ಇನ್ನೊಮ್ಮೆ ಹೇಳು" ಎಂದರು.

ಸುಮಿತ್ರಾಬಾಯಿ ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಕೆಳಗಿಟ್ಟು ಗಂಡನ ಹಣೆ ಮುಟ್ಟಿ ನೋಡಿದಳು. ಇಂಜೆಕ್ಷನ್ನಿನ ಜ್ವರವಿರಬಹುದೆಂದು.

ಬದ್ರೋದ್ದೀನ ಇನ್ನೊಮ್ಮೆ ಹೇಳಿದ. ಈ ಸಲ ಇಡೀ ಓಣಿಗೇ ತಿಳಿಯಿತು. ಕೊನೆಗೆ ಅವನು ದನಿ ತಗ್ಗಿಸಿ ಒಂದು ಮಾತು ಸೇರಿಸಿದ: "ಚಾಚಾ, ಟ್ಯಾಂಕರ್‌ಗೂ ಇನ್ಶೂರೆನ್ಸ್ ಇರ್ತದ. ಅದರ ಲೆಕ್ಕದಾಗ ನೀವೇ ಥರ್ಡ್ ಪಾರ್ಟಿ. ಪೊಲೀಸ್ ಕಂಪ್ಲೇಂಟ್ ಕೊಟ್ಟು, ಗಾಡಿ ಹಿಡಿಸಿ, ಕೇಸ್ ಹಾಕಿದ್ರ ಸಿಗಬಹುದು."

ಬಾಗಿಲ ಬಳಿ ನಿಂತಿದ್ದ ಮಾಣಿಕ ತಲೆ ತಗ್ಗಿಸಿದ. ಗಾಡಿ ಠಾಣೆಯಲ್ಲಿ ನಿಂತರೆ ಓಣಿಗೆ ನೀರಿಲ್ಲ. ಯಾರೂ ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ವಜೀರಬೀಯಂತೂ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ಶಿವರಾಜಪ್ಪ ಆಕೆಯ ಖಾಲಿ ಕೊಡವನ್ನು ನೆನೆದರು.

"ಗಾಡಿ ಹಿಡಿಸಂಗಿಲ್ಲ. ಮಾಣಿಕ, ನಾಳೆ ಮೊದಲ ಕೊಡ ಆಪಾಗ ತುಂಬು."

ಮಾಣಿಕ ಮರುದಿನ ಸರದಿಯಿಲ್ಲದಿದ್ದರೂ ಟ್ಯಾಂಕರ್ ತಂದ. ಆಮೇಲೆ ಎರಡು ತಿಂಗಳು ದೌಲತ್ ಬೀದರ ಜಿಲ್ಲೆಯಲ್ಲೇ ಅತಿ ಹೆಚ್ಚು ಆರೈಕೆ ಕಂಡ ನಾಯಿಯಾಗಿತ್ತೆಂದರೆ ಉತ್ಪ್ರೇಕ್ಷೆಯಿರಲಾರದು. ಹಾವಗೆಪ್ಪ ಹೋಟೆಲಿನ ಹಾಲು ತಂದ. ವಜೀರಬೀ ತನ್ನ ಎಡಗಾಲಿನ ನೋವಿನೆಣ್ಣೆಯನ್ನು ನಾಯಿಗೂ ಹಚ್ಚಲು ಬಂದು ಡಾಕ್ಟರಿಂದ ಬೈಸಿಕೊಂಡಳು. ಕಚ್ಚಿಸಿಕೊಳ್ಳಲು ಬರುತ್ತಿದ್ದವರೆಲ್ಲ ಈಗ ಸುಮ್ಮನೆ ನೋಡಲು ಬರುತ್ತಿದ್ದರು. ಬಂದವರಿಗೆಲ್ಲ ಶಿವರಾಜಪ್ಪ ಎಡಗೈಯಿಂದಲೇ ಶರಣು ಹೇಳುತ್ತಿದ್ದರು. ಹೇಳುವಾಗ ಕಣ್ಣು ಒದ್ದೆಯಾಗುತ್ತಿತ್ತು. ಅದಕ್ಕೂ ಇಂಜೆಕ್ಷನ್ನೇ ಕಾರಣವೆಂದು ಸುಮಿತ್ರಾಬಾಯಿ ಜನರಿಗೆ ತಿಳಿಸುತ್ತಿದ್ದಳು.

ಜೂನ್ ಮೂರನೆಯ ವಾರ ಮಳೆ ಹಿಡಿಯಿತು. ಹೈದರಾಬಾದ್ ಬಸ್ಸಿನಿಂದ ಇಳಿದ ಕಾಶೀರಾಮ, ಅನುಸೂಯಾಬಾಯಿ ಊರಿಗೂ ಹೋಗದೆ, ಗಂಟುಮೂಟೆ ಸಮೇತ ತೊಯ್ದುಕೊಂಡು ಮೈಲೂರಿಗೇ ಬಂದರು. ಅವರ ದನಿ ಕೇಳಿದ್ದೇ ದೌಲತ್ ಒಳಗಿನಿಂದ ಓಡಿತು. ಓಡಿತು ಎನ್ನುವುದಕ್ಕಿಂತ, ಮೂರು ಕಾಲಿನಲ್ಲಿ ಓಡಿ ನಾಲ್ಕನೆಯದನ್ನು ಜೊತೆಗೆ ಕರೆದುಕೊಂಡು ಹೋಯಿತು.

ಶಿವರಾಜಪ್ಪ ಇದಕ್ಕಾಗಿ ಐದಾರು ವಿವರಣೆ ಸಿದ್ಧ ಮಾಡಿಕೊಂಡಿದ್ದರು. ಒಂದೂ ಬಾಯಿಗೆ ಬರಲಿಲ್ಲ. "ನಂದೇ ತಪ್ಪು ಕಾಶೀರಾಮ. ಇನ್ಶೂರೆನ್ಸ್ ಮಾಡಿಸಿದ್ದೆ, ಖೊಟ್ಟಿ ನಮೂನಿದು ಆರಿಸಿದ್ದೆ. ಕಾಲ್ ಮುರದದ" ಎಂದರು.

ಅನುಸೂಯಾಬಾಯಿ ನಾಯಿಯ ಕಾಲು ಮುಟ್ಟಿ ನೋಡಿದಳು. ಆಮೇಲೆ ಶಿವರಾಜಪ್ಪನವರ ಕೈ ನೋಡಿದಳು. "ಅಣ್ಣಾ, ಇದೇನಿದು?"

ಅವರು ಹೇಳಲಿಲ್ಲ. ವಜೀರಬೀ ಹೇಳಿದಳು, ಟ್ಯಾಂಕರಿನಿಂದ ಹಿಡಿದು 'ನಾ ಹೊರಗಿನವ ಅಲ್ಲ' ಎನ್ನುವವರೆಗೆ, ನಡುವೆ ತನ್ನ ಎಡಗಾಲಿನ ವಿಷಯವನ್ನಷ್ಟೇ ಬಿಟ್ಟು. ಕಾಶೀರಾಮ ಗಂಟುಮೂಟೆ ಕೆಳಗಿಟ್ಟು ಶಿವರಾಜಪ್ಪನವರ ಹತ್ತಿರ ಬಂದ.

"ಸಾಬ್ರೆ, ಅಲ್ಲಿ ಹದಿನಾಲ್ಕನೇ ಮಾಳಗಿ ಮ್ಯಾಲ ಇಟ್ಟಂಗಿ ಹೊರೂವಾಗ ಈಕಿ ದಿನಾ ಕೇಳ್ತಿದ್ದಳ್ರಿ, ದೌಲತ್ ಹ್ಯಾಂಗ ಅದಾನೋ ಅಂತ. ಮನ್ಯಾಗ ಅದಾನಲ್ಲಾ ಅಂತಿದ್ದೆ. ಅಷ್ಟೇ ಅಂತಿದ್ದೆ. ಅಷ್ಟಕ್ಕೇ ಆಕಿಗೆ ಸಮಾಧಾನ ಆಗ್ತಿತ್ತು" ಎಂದು ಅವರ ಗಾಯದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಮಧ್ಯಾಹ್ನ ಅವರನ್ನು ಕಳಿಸಲು ಶಿವರಾಜಪ್ಪ ಬಸ್ ನಿಲ್ದಾಣಕ್ಕೆ ಹೋದರು. ದೌಲತ್‌ನನ್ನು ಎತ್ತಿ ಹತ್ತಿಸುವ ನೆಪದಲ್ಲಿ ಬಸ್ಸಿನೊಳಗೂ ಹೋದರು. ಕಂಡಕ್ಟರ್ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ.

"ನಾಯಿ ಯಾರದ್ರಿ? ಮಾಲೀಕರು ಟಿಕೇಟ್ ತಗೋಬೇಕ್ರಿ."

"ನಂದ್ರಿ" ಎಂದರು ಶಿವರಾಜಪ್ಪ.

"ನಂದ್ರಿ" ಎಂದ ಕಾಶೀರಾಮ.

ಹುಡುಗಿ ಇಬ್ಬರ ಮುಖ ನೋಡಿದಳು. ಇಬ್ಬರೂ ಕಿಸೆಗೆ ಕೈ ಹಾಕಿ ಒಬ್ಬರನ್ನೊಬ್ಬರು ತಡೆಯುತ್ತಿರುವಾಗ ಅನುಸೂಯಾಬಾಯಿ ಸೆರಗಿನ ಗಂಟು ಬಿಚ್ಚಿ ಹಣ ಕೊಟ್ಟಳು. ಅಷ್ಟರಲ್ಲಿ ಬಸ್ಸು ನಿಲ್ದಾಣ ದಾಟಿ ಔರಾದ ರಸ್ತೆ ಹಿಡಿದಿತ್ತು.

"ಮತ್ತ ನೀವೆಲ್ಲಿಗ್ರಿ ಕಾಕಾ?" ಎಂದು ಹುಡುಗಿ ಶಿವರಾಜಪ್ಪನವರನ್ನು ಕೇಳಿದಳು.

ಅವರು ಹೊರಗೆ ನೋಡಿದರು, ಮಳೆ ನೋಡಿದರು. ಏನು ಹೇಳಬೇಕೆಂದು ಅವರಿಗೆ ಗೊತ್ತಿರಲಿಲ್ಲ, ಸುಮ್ಮನೆ ನಿಂತರು.

"ನಮ್ಮ ಮನಿಗ್ರಿ" ಎಂದ ಕಾಶೀರಾಮ. "ಡಾಬಕಾ ಇನ್ನೊಂದು ಕೊಡ್ರಿ."